ಸೆಕ್ಯುರಿಟಿ ಕಂಪನಿ ಮಾರಾಟವಾದಾಗ ನಮ್ಮ ರೂಲ್‌ಗಳ ಗತಿ ಏನು?

ಒಂದು ಸೈಬರ್ ಸೆಕ್ಯುರಿಟಿ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು ಅಂದರೆ ಮಾತೆಲ್ಲ ದುಡ್ಡಿನ ಸುತ್ತಲೇ. 2024ರಲ್ಲಿ ಸಿಸ್ಕೊ ಸುಮಾರು 2,800 ಕೋಟಿ ಡಾಲರ್ ಕೊಟ್ಟು ಸ್ಪ್ಲಂಕ್ ಕೊಂಡಿತು. ವಿಜ್ ಕಂಪನಿಗೆ 3,200 ಕೋಟಿ ಡಾಲರ್ ಕೊಡುವುದಾಗಿ ಗೂಗಲ್ 2025ರ ಮಾರ್ಚ್‌ನಲ್ಲಿ ಹೇಳಿತು. ಸರಿ, ದೊಡ್ಡ ಮೊತ್ತವೇ. ಆದರೆ ಆ ಸಾಫ್ಟ್‌ವೇರ್ ಮುಂದೆ ರಾತ್ರಿಪಾಳಿಯಲ್ಲಿ ಕೂತು ಅಲರ್ಟ್ ನೋಡುವವರ ಪಾಡೇನು? ಅದರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ.

ಐಬಿಎಂನ ಕ್ಯೂರೇಡಾರ್ ತಗೊಳ್ಳಿ. ಎಲ್ಲ ಮಷೀನ್‌ಗಳ ಲಾಗ್, ಅಂದರೆ ಅಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ, ಒಂದೇ ಕಡೆ ಸೇರಿಸಿ, ಅನುಮಾನ ಬಂದದ್ದನ್ನು ಎತ್ತಿ ತೋರಿಸುವ ಸಾಫ್ಟ್‌ವೇರ್ ಅದು. 2024ರಲ್ಲಿ ಅದರ ಕ್ಲೌಡ್ ಭಾಗವನ್ನು ಪಾಲೋ ಆಲ್ಟೊ ನೆಟ್‌ವರ್ಕ್ಸ್ ಕೊಂಡಿತು, ಗ್ರಾಹಕರನ್ನು ಕಾರ್ಟೆಕ್ಸ್ ಅನ್ನುವ ತನ್ನದೇ ಸಾಫ್ಟ್‌ವೇರ್‌ಗೆ ಕರೆದುಕೊಳ್ಳಲು ಶುರು ಮಾಡಿತು. ಕೇಳಲು ಸುಲಭ. ಆದರೆ ಲಾಗ್‌ನಲ್ಲಿ ಬೇಕಾದ್ದನ್ನು ಹುಡುಕುವ ಕ್ವೆರಿಯನ್ನು ಅಲ್ಲಿ ಬರೆಯುತ್ತಿದ್ದದ್ದು ಎಕ್ಯೂಎಲ್ ಅನ್ನುವ ಭಾಷೆಯಲ್ಲಿ, ಇಲ್ಲಿ ಎಕ್ಸ್‌ಕ್ಯೂಎಲ್‌ನಲ್ಲಿ. ಹಳೆಯದನ್ನು ಎತ್ತಿ ಹಾಗೇ ಇಟ್ಟರೆ ಓಡುವುದಿಲ್ಲ.

ಯಾವಾಗ ಅಲರ್ಟ್ ಕೊಡಬೇಕು ಅಂತ ಸಾಫ್ಟ್‌ವೇರ್‌ಗೆ ಹೇಳುವ ಒಂದು ರೂಲ್ ಹೇಗಿರುತ್ತದೆ ಅಂದರೆ, ಐದು ನಿಮಿಷದಲ್ಲಿ ಹತ್ತು ಸಲ ಪಾಸ್‌ವರ್ಡ್ ತಪ್ಪಾದರೆ ಅಲರ್ಟ್ ಕೊಡು, ಆದರೆ ರಾತ್ರಿ ಎರಡರಿಂದ ಮೂರರವರೆಗೆ ಈ ಬ್ಯಾಕಪ್ ಸರ್ವರ್‌ನಿಂದ ಬಂದದ್ದಾದರೆ ಬಿಟ್ಟುಬಿಡು. ಆ 'ಬಿಟ್ಟುಬಿಡು' ಯಾಕೆ ಸೇರಿತು? ಹಿಂದೆ ಯಾರೋ ಕೂತು, ಸುಳ್ಳು ಅಲರ್ಟ್‌ಗಳ ಬೆನ್ನು ಹತ್ತಿ, ಕಾರಣ ಕಂಡುಹಿಡಿದು ಸೇರಿಸಿರುತ್ತಾರೆ. ಅವರು ಈಗ ಕೆಲಸ ಬಿಟ್ಟು ಹೋಗಿರಬಹುದು. ಹೊಸ ಕಡೆ ಬರೆಯುವಾಗ ಅದು ಬಿಟ್ಟುಹೋದರೆ ಮತ್ತೆ ಅಲರ್ಟ್‌ಗಳ ಸುರಿಮಳೆ. ಸರ್ವರ್ ಹೆಸರಿನ ಬದಲು ಇಡೀ ನೆಟ್‌ವರ್ಕನ್ನೇ ಸುಮ್ನೆ ಬಿಟ್ಟುಬಿಟ್ಟರೆ ಇನ್ನೂ ಅಪಾಯ, ಯಾಕೆಂದರೆ ಕಳ್ಳ ಆ ದಾರಿಯಲ್ಲಿ ಬಂದರೂ ಏನೂ ಸದ್ದಾಗುವುದಿಲ್ಲ. ಇಂಥ ರೂಲ್‌ಗಳು ನೂರಾರು ಇರುತ್ತವೆ. ಅವನ್ನೆಲ್ಲ ತಿರುಗಿ ಬರೆದು ಪರೀಕ್ಷಿಸುವ ಹೊರೆ ಬೀಳುವುದು ಗ್ರಾಹಕರ ತಂಡದ ಮೇಲೆ, ಅದೂ ದಿನದ ಕೆಲಸದ ಜೊತೆಗೇ. ಇದು ನನಗೆ ಅನ್ಯಾಯ ಅನ್ನಿಸುತ್ತದೆ.

ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹತ್ತಾರು ಬೇರೆ ಬೇರೆ ಟೂಲ್ ಇಟ್ಟುಕೊಂಡು ಒದ್ದಾಡುವವರಿಗೆ ಎಲ್ಲ ಒಂದೇ ಕಡೆ ಸಿಕ್ಕರೆ ನಿಜಕ್ಕೂ ಅನುಕೂಲ. ತೊಂದರೆ ಆಗುವುದು ಮಾಲೀಕರು ಮೇಲಿಂದ ಮೇಲೆ ಬದಲಾದಾಗ. ಆಂಟಿವೈರಸ್ ಕಂಪನಿ ಮ್ಯಾಕಫಿಯನ್ನು ಇಂಟೆಲ್ 2011ರಲ್ಲಿ 768 ಕೋಟಿ ಡಾಲರ್‌ಗೆ ಕೊಂಡಿತು, 2017ರಲ್ಲಿ ಅದು ಮತ್ತೆ ಬೇರೆ ಕಂಪನಿಯಾಯಿತು, 2021ರಲ್ಲಿ ಅದರ ಎಂಟರ್‌ಪ್ರೈಸ್ ಭಾಗ ಹೂಡಿಕೆ ಸಂಸ್ಥೆಯೊಂದರ ಕೈಗೆ ಹೋಯಿತು, ಆಮೇಲೆ ಫೈರ್‌ಐ ಅನ್ನುವ ಇನ್ನೊಂದು ಸೆಕ್ಯುರಿಟಿ ಕಂಪನಿ ಜೊತೆ ಸೇರಿ ಟ್ರೆಲಿಕ್ಸ್ ಆಯಿತು. ಆಫೀಸಿನ ಕಂಪ್ಯೂಟರ್‌ನಲ್ಲಿ ಕಾವಲಿಗೆ ಕೂತ ಅದರ ಸಾಫ್ಟ್‌ವೇರ್ (ಏಜೆಂಟ್) ಮಾತ್ರ ಅಲ್ಲೇ ಇತ್ತು, ಆ ಮಷೀನಿನ ಮೇಲೆ ಪೂರ್ತಿ ಅಧಿಕಾರದೊಂದಿಗೆ.

ಕೊಳ್ಳುವವರಿಗೂ ಅಪಾಯ ಇದ್ದೇ ಇದೆ. ಆಂಟಿವೈರಸ್ ಕಂಪನಿ ಅವಾಸ್ಟ್ 2017ರ ಜುಲೈನಲ್ಲಿ ಪಿರಿಫಾರ್ಮ್ ಕಂಪನಿಯನ್ನು ಕೊಂಡಾಗ ಹ್ಯಾಕರ್‌ಗಳು ಆಗಲೇ ಅದರ ಒಳಗೆ ಸೇರಿಕೊಂಡಿದ್ದರು. ಕಂಪ್ಯೂಟರ್‌ನ ಬೇಡದ ಫೈಲ್ ತೆಗೆಯುವ ಪಿರಿಫಾರ್ಮ್‌ನ ಸಾಫ್ಟ್‌ವೇರ್ ಸಿಕ್ಲೀನರ್‌ನ ಮುಂದಿನ ತಿಂಗಳು ಬಿಡುಗಡೆಯಾದ ಆವೃತ್ತಿಯಲ್ಲಿ ಅವರ ಕೋಡ್ ಇತ್ತು, ಅದೂ ಕಂಪನಿಯ ಅಸಲಿ ಡಿಜಿಟಲ್ ಸಹಿಯೊಂದಿಗೆ. 22 ಲಕ್ಷಕ್ಕೂ ಹೆಚ್ಚು ಜನರ ಕಂಪ್ಯೂಟರ್‌ಗೆ ಅದು ಇಳಿಯಿತು. ಸೆಕ್ಯುರಿಟಿ ಕಂಪನಿಗೇ ಹೀಗಾಯಿತು ಅಂದರೆ ಯೋಚಿಸಬೇಕಲ್ವಾ?

ಹಾಗಾಗಿ ಲೈಸೆನ್ಸ್ ನವೀಕರಿಸುವ ಮೊದಲೇ, ಕಂಪನಿ ಮಾರಾಟವಾದರೆ ಸಪೋರ್ಟ್ ಎಷ್ಟು ದಿನ ಇರುತ್ತದೆ, ನಮ್ಮ ಲಾಗ್ ಯಾವ ರೂಪದಲ್ಲಿ ವಾಪಸ್ ಸಿಗುತ್ತದೆ ಅನ್ನುವುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ರೂಲ್‌ಗಳನ್ನು ಆದಷ್ಟು ಸಿಗ್ಮಾದಂಥ ಓಪನ್ ಫಾರ್ಮ್ಯಾಟ್‌ನಲ್ಲೂ ಇಟ್ಟುಕೊಳ್ಳಿ, ಅದರಿಂದ ಬೇರೆ ಬೇರೆ ಟೂಲ್‌ಗಳ ಭಾಷೆಗೆ ತಿರುಗಿಸಬಹುದು. ಪ್ರತಿ 'ಬಿಟ್ಟುಬಿಡು' ಪಕ್ಕದಲ್ಲಿ ಕಾರಣ, ತಾರೀಖು, ಸೇರಿಸಿದವರ ಹೆಸರು ಇರಲಿ.