ಮರ ನೋಡ್ಬೇಡಿ, ಮರದ ಅಂಚು ನೋಡಿ

ಆಗುಂಬೆ ಸುತ್ತಮುತ್ತ ಬರುವವರಿಗೆ ಹಾವು, ಓತಿ ತೋರಿಸುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಪುಸ್ತಕದ ಚಿತ್ರಗಳೆಲ್ಲ ಬಾಯಿಪಾಠವಾಗಿದ್ದವು. ಆದರೂ ಮೊದಲ ತಿಂಗಳು ಒಂದೂ ಹಾರುವ ಓತಿ ಕಣ್ಣಿಗೆ ಬೀಳಲಿಲ್ಲ. ಅಡಿಕೆ ತೋಟದ ತುಂಬ ಅವು ಇದ್ದವು! ತೊಗಟೆಯ ಬಣ್ಣವೇ ಅವುಗಳ ಮೈಬಣ್ಣ.

ನೋಡುವುದನ್ನು ಕಲಿಸಿದವರು ಮರ ಹತ್ತಿ ಅಡಿಕೆ ಗೊನೆ ಇಳಿಸುವ ತೋಟದ ಕೊನೆಗಾರರು. "ಮರ ನೋಡ್ಬೇಡಿ ಮಾರಾಯ್ರೆ, ಮರದ ಅಂಚು ನೋಡಿ" ಅಂದರು. ಅಡಿಕೆ ಮರದ ಅಂಚು ನೇರವಾದ ಗೆರೆ. ಓತಿ ಕೂತಿದ್ದರೆ ಆ ಗೆರೆಯಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಬಿಸಿಲೇರಿದ ಮೇಲೆ ಒಂದು ಕಡೆ ಸುಮ್ನೆ ನಿಂತು ನೋಡಿದೆ. ಒಂದು ಉಬ್ಬು ಗಂಟಲಡಿಯ ಹಳದಿ ಚೀಲ ಬಿಚ್ಚಿ ಮಡಚಿತು. ಗಂಡು ಓತಿ! ಆಮೇಲೆ ಉದ್ದನೆಯ ಪಕ್ಕೆಲುಬು ಅಗಲಿಸಿ, ಅದರ ಮೇಲಿನ ಚರ್ಮ ಬಿಡಿಸಿ, ಮುಂದಿನ ಮರಕ್ಕೆ ತೇಲಿ ಹೋಯಿತು. ಹಾರುವುದು ಅಂತ ಹೆಸರು ಮಾತ್ರ, ಅದು ರೆಕ್ಕೆ ಬಡಿಯುವುದಿಲ್ಲ.

ಮಲಬಾರ್ ಗುಳಿಮಂಡಲ ಅನ್ನುವ ವಿಷದ ಹಾವಿಗೂ ಇದೇ ಲೆಕ್ಕ. ಹಸಿರು, ಕಂದು, ಹಳದಿ, ಹೀಗೆ ಒಂದೊಂದು ಹಾವಿಗೆ ಒಂದೊಂದು ಬಣ್ಣ. ಬಣ್ಣ ನಂಬಿ ಹುಡುಕಿದರೆ ಸಿಗುವುದಿಲ್ಲ. ರಾತ್ರಿ ಟಾರ್ಚಿಗೆ ಕಪ್ಪೆಯ ಕಣ್ಣು ಹೊಳೆಯುತ್ತದೆ, ಹಾವಿನದು ಹಾಗೆ ಹೊಳೆಯುವುದಿಲ್ಲ. ಹಳ್ಳದ ಬದಿಯ ಪೊದೆಯಲ್ಲಿ ಕೊಂಬೆಗೆ ಹೊಂದದ ಸುರುಳಿ ಕಾಣುತ್ತದಾ ಅಂತ ನಿಧಾನವಾಗಿ ನೋಡಬೇಕು.

ಒಂದು ಮಳೆಗಾಲದಲ್ಲಿ ಹಾಗೆ ಸಿಕ್ಕಿದ ಹಾವು ಐದು ದಿನ ಒಂದೇ ಕೊಂಬೆಯಲ್ಲಿತ್ತು. ಕಪ್ಪೆ, ಓತಿ ಹತ್ತಿರ ಬರಲಿ ಅಂತ ಈ ಹಾವು ದಿನಗಟ್ಟಲೆ ಕಾಯುತ್ತದೆ. ಆರನೇ ದಿನ ಫೋಟೋಗೆ ಎಲೆ ಅಡ್ಡ ಬರುತ್ತಿದೆ ಅಂತ ಬಂದವರೊಬ್ಬರು ಹೇಳಿದರು. ನಾನು ಕೋಲಿನಿಂದ ಕೊಂಬೆ ಸರಿಸಿದೆ. ಫೋಟೋ ಚೆನ್ನಾಗಿ ಬಂತು. ಮಾರನೇ ರಾತ್ರಿ ಹೋದರೆ ಕೊಂಬೆ ಖಾಲಿ. ಆರು ದಿನ ಕಾದು ಕೂತ ಜಾಗದಿಂದ ಅದನ್ನು ಎಬ್ಬಿಸಿದ್ದು ನಾನೇ. ಆ ಬೇಜಾರು ಇನ್ನೂ ಹೋಗಿಲ್ಲ.

ಭಯ ಬಂದದ್ದು ಆಮೇಲೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ 4 ಹಾವುಗಳಿಗೆ ಮಾಡಿದ್ದು. ಗುಳಿಮಂಡಲ ಕಚ್ಚಿದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಅಷ್ಟು ಹತ್ತಿರ ಆರು ಜನರನ್ನು ನಿಲ್ಲಿಸಿದ್ದೆನಲ್ಲ!

ಈಗ ಕೋಲು ಇರುವುದು ದಾರಿಯ ತರಗೆಲೆ ಸರಿಸಿ ಹೆಜ್ಜೆ ಇಡುವುದಕ್ಕೆ ಮಾತ್ರ. ಎಲೆ ಅಡ್ಡ ಬಂದರೆ ಫೋಟೋದಲ್ಲಿ ಎಲೆಯೂ ಇರಲಿ ಅನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ.