ಗಾಜಿನ ಪೆಟ್ಟಿಗೆಯಲ್ಲಿ ಕಾಗದದ ಹೂ: ಏಳನೇ ವಾರ

ಇವತ್ತು ಬೆಳಗ್ಗೆ, ನೆಟ್ಟಿದ್ದ ಕಾಗದದ ಹೂವಿನ ಕಡ್ಡಿಗಳಲ್ಲಿ ಮೂರನೆಯದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ. ಬೇರು ಕಚ್ಚಿದೆ! ಬಳ್ಳಾರಿಯ ಏಪ್ರಿಲ್‌ನಲ್ಲಿ ಇದು ಸಣ್ಣ ಖುಷಿಯಲ್ಲ.

ಹೊಸದಾಗಿ ಓದುವವರಿಗೆ: ನಾನು ಕಟ್ಟಿರುವುದು ವಾರ್ಡ್ ಪೆಟ್ಟಿಗೆ, ಅಂದರೆ ಗಿಡ ಬೆಳೆಸುವ ಮುಚ್ಚಿದ ಗಾಜಿನ ಪೆಟ್ಟಿಗೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶವೊಂದನ್ನು ಹಸಿ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ನೋಡಿದರೆ ಮಣ್ಣಲ್ಲಿ ಜರೀಗಿಡವೂ ಹುಲ್ಲೂ ಮೊಳೆತಿದ್ದವು. ಮಣ್ಣಿನ ಪಸೆ ಆವಿಯಾಗಿ ಏರುತ್ತದೆ, ಗಾಜಿಗೆ ತಾಗಿ ಹನಿಯಾಗುತ್ತದೆ, ಮತ್ತೆ ಮಣ್ಣಿಗೇ ಇಳಿಯುತ್ತದೆ. ಮೇಲಿಂದ ನೀರು ಹಾಕುವುದೇ ಬೇಡ. ಅದಕ್ಕೂ ಮುಂಚೆ ದೂರದೇಶಕ್ಕೆ ಗಿಡ ಒಯ್ಯುವಾಗ ಹಡಗಿನಲ್ಲಿ ಉಪ್ಪುಗಾಳಿ ಬಡಿದು, ಸಿಹಿನೀರು ಸಾಲದೆ ಗಿಡಗಳು ದಾರಿಯಲ್ಲೇ ಸಾಯುತ್ತಿದ್ದವು. 1833ರಲ್ಲಿ ಇಂಥ ಎರಡು ಪೆಟ್ಟಿಗೆ ಸಿಡ್ನಿಗೆ ಹೋದವು, ಗಿಡಗಳು ಬದುಕಿದ್ದವು. ಆಮೇಲೆ ಲಂಡನ್ನಿನ ಕ್ಯೂ ಸಸ್ಯತೋಟಕ್ಕೂ ವಸಾಹತುಗಳ ತೋಟಗಳಿಗೂ ನಡುವೆ ಗಿಡಗಳು ಓಡಾಡಿದ್ದೇ ಓಡಾಡಿದ್ದು. ಗಿಡಗಳನ್ನು ಹುಡುಕಿ ತರುತ್ತಿದ್ದ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ಕಡೆಗೆ ತಂದದ್ದೂ ಇಂಥ ಪೆಟ್ಟಿಗೆಯಲ್ಲೇ. 1908ರಲ್ಲಿ ಲಾಲ್‌ಬಾಗ್ ಹೊಣೆ ಹೊತ್ತ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಪಳಗಿದವರು.

ಕಾಗದದ ಹೂವೂ ಹೊರಗಿನದೇ. ಬ್ರೆಜಿಲ್ ಕಡೆಯದು, ಬೋಗನ್ವಿಲ್ಲಾ ಎಂಬ ಇದರ ಇನ್ನೊಂದು ಹೆಸರು ಫ್ರೆಂಚ್ ನಾವಿಕ ಬೂಗನ್ವಿಲ್‌ನದು. ನನ್ನ ಕಡ್ಡಿಗಳು ಕಂಟೋನ್ಮೆಂಟ್ ಕಡೆಯ ಹಳೇ ಕಾಂಪೌಂಡೊಂದರ ಬಳ್ಳಿಯವು. ಅದನ್ನು ಕಡಿಯುವ ಮಾತು ಕೇಳಿ, ಮನೆಯವರನ್ನು ಕೇಳಿಕೊಂಡು ಹನ್ನೆರಡು ತಂದೆ.

ಪೆಟ್ಟಿಗೆ ಹಳೇ ಮೀನಿನ ತೊಟ್ಟಿ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ತುಂಗಭದ್ರೆಯ ಮರಳು. ನಮ್ಮ ಎರೆಮಣ್ಣು ಬೇಡವೇ ಬೇಡ, ನೀರು ಹಿಡಿದಿಟ್ಟು ಕಡ್ಡಿ ಕೊಳೆಸುತ್ತದೆ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಗೆಣ್ಣಿನ ಕೆಳಗೆ ಓರೆ ಕೊಯ್ತ, ಎಲೆ ಪೂರ್ತಿ ಸವರಿದ್ದು.

ಮೊದಲ ವಾರವೇ ಏಳು ಹೋದವು. ಹಡಗಿನಲ್ಲಿ ಈ ಪೆಟ್ಟಿಗೆ ಬೆಳಕಿಗಾಗಿ ಡೆಕ್ ಮೇಲಿರುತ್ತಿತ್ತು ಎಂದು ಓದಿ ನಾನೂ ಮಾಳಿಗೆ ಮೇಲಿಟ್ಟಿದ್ದೆ. ಮಧ್ಯಾಹ್ನ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಕಡ್ಡಿಗಳ ಸಿಪ್ಪೆ ಬೆಂದ ಬದನೆಯ ಹಾಗೆ ಸುಲಿದು ಬಂತು. ತುಂಬಾ ಬೇಜಾರಾಯಿತು.

ಈಗ ಪೆಟ್ಟಿಗೆ ಉತ್ತರದ ಕಿಟಕಿ ಪಕ್ಕ ಇದೆ, ಮೇಲೊಂದು ತೆಳು ಪಂಚೆ. ಬೆಳಗ್ಗೆ ಗಾಜಿನ ಒಳಗೆ ಸಾಸಿವೆಯಷ್ಟು ಹನಿಗಳು ಕಟ್ಟಿರುತ್ತವೆ. ಹನಿ ಜಾಸ್ತಿಯಾಗಿ ಧಾರೆಯಾದ ದಿನ ಒಂದು ಗಂಟೆ ಮುಚ್ಚಳ ತೆರೆಯುತ್ತೇನೆ. ಉಳಿದ ಐದರಲ್ಲಿ ನಾಲ್ಕು ಚಿಗುರಿವೆ. ಐದನೆಯದು ಹಸಿರಾಗಿಯೇ ಇದೆ, ಕಾಯುತ್ತೇನೆ.

ನಾಳೆಯಿಂದ ದಿನಕ್ಕೆ ಬೆರಳಗಲ ಮುಚ್ಚಳ ಸರಿಸಿ ಹೊರಗಿನ ಗಾಳಿ ರೂಢಿ ಮಾಡಿಸಬೇಕು. ಕುಂಡಗಳು ತೊಳೆದು ಒಣಗುತ್ತಿವೆ.