ನಾಗಸಾಕಿ ದಿನಕ್ಕೆ ಕಾರವಾರದ ಇಗರ್ಜಿಗಳ ತಯಾರಿ

1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಸಿಡಿದಾಗ ಅಲ್ಲಿ 11:02. ನಮ್ಮ ಈಗಿನ ಗಡಿಯಾರದ ಲೆಕ್ಕದಲ್ಲಿ ಬೆಳಿಗ್ಗೆ 7:32. ನಾಗಸಾಕಿಯ ಉರಾಕಾಮಿ ಇಗರ್ಜಿ ಬಾಂಬ್ ಸಿಡಿದ ಜಾಗದಿಂದ ಅರ್ಧ ಕಿಲೋಮೀಟರು. ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆಂದು ಬಂದಿದ್ದವರು, ಕೇಳುತ್ತಿದ್ದ ಪಾದ್ರಿಗಳು, ಎಲ್ಲರೂ ಅಲ್ಲೇ ಸತ್ತರು. ನಮ್ಮ ಕರಾವಳಿಯ ಕ್ರೈಸ್ತರಿಗೆ ಈ ದಿನ ಪರರದ್ದಲ್ಲ. ಬೆಳಗಿನ ಪೂಜೆಗೆ ಸೇರಿದವರು 7:32ಕ್ಕೆ ಗಂಟೆ ಬಾರಿಸಿ ಒಂದು ನಿಮಿಷ ಮೌನವಾಗಿ ನಿಲ್ಲಬಹುದು.

ಹಿರೋಶಿಮಾದಲ್ಲಿ ಮಾಡುವಂತೆ ಹೊಳೆಯಲ್ಲಿ ಕಾಗದದ ದೀಪ ತೇಲಿಬಿಡುವುದು ಇಲ್ಲಿ ಬೇಡ. ಆಗಸ್ಟಿನ ಕಾಳಿ ನದಿ ಕೋಡಿಬಾಗದಲ್ಲಿ ಕೆಂಪಾಗಿ ತುಂಬಿರುತ್ತದೆ, ದಡ ಜಾರುತ್ತದೆ. ಮಕ್ಕಳ ಕೈಗೆ ಜಪಾನಿನಲ್ಲಿ ಶಾಂತಿಯ ಗುರುತಾದ, ಮಡಚಿ ಮಾಡುವ ಕಾಗದದ ಕೊಕ್ಕರೆ ಕೊಡಿ. ಒಂದು ಎ4 ಹಾಳೆಯಲ್ಲಿ 14 ಸೆಂ.ಮೀ. ಚೌಕ ಎರಡು ಸಿಗುತ್ತವೆ, 500 ಹಾಳೆಯ ಒಂದು ಕಟ್ಟಿಗೆ ಸಾವಿರ ಕೊಕ್ಕರೆ. 40ರಂತೆ 25 ದಾರಕ್ಕೆ ಪೋಣಿಸಿ, ಕೊನೆಯಲ್ಲಿ ಗುಂಡಿ ಕಟ್ಟಿ, ಇಲ್ಲವಾದರೆ ಜಾರಿ ಬೀಳುತ್ತವೆ. ದಿನಪತ್ರಿಕೆಯ ಹಾಳೆ ಮಳೆಗಾಲದ ತೇವಕ್ಕೆ ಮೆತ್ತಗಾಗಿ ರೆಕ್ಕೆ ಜೋಲುತ್ತದೆ. ಡ್ರಾಯಿಂಗ್ ಶೀಟು ಮಡಿಕೆಯಲ್ಲಿ ಬಿರಿಯುತ್ತದೆ.

ನಿಜವಾದ ಕೆಲಸ ಲೋಕಸಭೆಗೆ ಕೊಡುವ ಅರ್ಜಿಗೆ ಸಹಿ ಸಂಗ್ರಹದ್ದು. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 2017ರ ಜುಲೈ 7ರಂದು 122 ದೇಶಗಳು ಮತ ಕೊಟ್ಟವು. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಸಹಿಗೆ ತೆರೆದ ದಿನವೇ ವ್ಯಾಟಿಕನ್ ಸಹಿ ಹಾಕಿ ಅನುಮೋದಿಸಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಹಿರೋಶಿಮಾದಲ್ಲೇ ನಿಂತು, ಅಣ್ವಸ್ತ್ರ ಇಟ್ಟುಕೊಳ್ಳುವುದೂ ಅನೈತಿಕ ಎಂದರು. ಭಾರತ ಒಪ್ಪಂದದ ಮಾತುಕತೆಗೇ ಹೋಗಲಿಲ್ಲ. ಹಾಗಾಗಿ ‘ನಾಳೆಯೇ ಸಹಿ ಹಾಕಿ’ ಎಂಬ ಅರ್ಜಿ ಮೂಲೆ ಸೇರುತ್ತದೆ. ‘ಒಪ್ಪಂದದ ಸದಸ್ಯ ದೇಶಗಳ ಸಭೆಗೆ ವೀಕ್ಷಕರನ್ನು ಕಳಿಸಿ’ ಎಂದು ಕೇಳಿ. ಹೊರಗಿನ ದೇಶಗಳಿಗೂ ಅಲ್ಲಿ ಜಾಗವಿದೆ.

ಕಾರವಾರದಲ್ಲಿ ‘ಅಣು’ ಎಂದೊಡನೆ ಕೈಗಾ ಅಣುವಿದ್ಯುತ್ ಸ್ಥಾವರದ ವಿಷಯ ಬಂದೇ ಬರುತ್ತದೆ. ಅಲ್ಲಿ ದುಡಿಯುವವರ ಮನೆಗಳು ನಮ್ಮ ನಡುವೆಯೇ ಇವೆ. ಈ ಒಪ್ಪಂದ ತಡೆಯುವುದು ಬಾಂಬನ್ನು, ವಿದ್ಯುತ್ತನ್ನಲ್ಲ. ಸ್ಥಾವರದ ಬಗ್ಗೆ ತಕರಾರಿದ್ದರೆ ಬೇರೆ ಅರ್ಜಿ ಬರೆಯಿರಿ. ಎರಡನ್ನೂ ಒಂದೇ ಹಾಳೆಗೆ ತಂದರೆ ಅರ್ಧ ಊರು ಪೆನ್ನು ಕೆಳಗಿಡುತ್ತದೆ.

ಲೋಕಸಭೆಗೆ ಹೋಗುವ ಅರ್ಜಿ ಕನ್ನಡದಲ್ಲಿದ್ದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ, ಸಹಿ ಅಥವಾ ಹೆಬ್ಬೆಟ್ಟು ಬೇಕು. ಫೋಟೊ, ಪತ್ರ, ಯಾವುದನ್ನೂ ಲಗತ್ತಿಸುವಂತಿಲ್ಲ. ಸದನದಲ್ಲಿ ಮಂಡಿಸುವ ಸಂಸದರು ಅದಕ್ಕೆ ಮೇಲುಸಹಿ ಹಾಕಬೇಕು. ಆಗಸ್ಟಿನಲ್ಲಿ ಸಾಮಾನ್ಯವಾಗಿ ಮುಂಗಾರು ಅಧಿವೇಶನ ಇರುವುದರಿಂದ ಅವರು ದಿಲ್ಲಿಯಲ್ಲಿರುತ್ತಾರೆ. ಜೂನ್ ತಿಂಗಳಲ್ಲೇ ಭೇಟಿಯ ಸಮಯ ಕೇಳಿಡಿ.